ಹಾಸಿಗೆಗೆ ಹಚ್ಚಿದ ಅರಿಶಿನ

ಸರ್ಕಾರದ ವೃದ್ಧಾಶ್ರಮವನ್ನು ಗುತ್ತಿಗೆ ಹಿಡಿದಿದ್ದ ಈರಬಸಪ್ಪನಿಗೆ ಅಂದು ಬೆಳಗಿನಿಂದಲೇ ಗಡಿಬಿಡಿ. ತಪಾಸಣೆಗೆ ಜಿಲ್ಲೆಯಿಂದ ಅಧಿಕಾರಿ ಮೇಡಂ ಬರುವವರಿದ್ದರು. ಹರಕು ಚಾಪೆಗಳನ್ನೆಲ್ಲ ಹಿತ್ತಲಿಗೆ ಎಸೆದು, ಶಾಮಿಯಾನಾ ಅಂಗಡಿಯಿಂದ ಬಿಳಿ ಹಾಸಿಗೆಗಳನ್ನು ಬಾಡಿಗೆಗೆ ತರಿಸಿ ಹಾಸಿದ.

"ಮೇಡಂ ಹೋದ ಕೂಡಲೇ ಇವೆಲ್ಲ ವಾಪಸ್. ಯಾರರ ತಕರಾರು ಮಾಡಿದ್ರ ನಾಳೆ ಚಾ ಇಲ್ಲ ನೋಡ್ರಿ!" ಎಂದು ಮುದುಕರನ್ನೆಲ್ಲ ಗದರಿದ.

"ತಕರಾರು ಯಾಕ್ರಿ ಯಜಮಾನ್ರ?" ಎಂದಳು ಸಾಂವಕ್ಕಜ್ಜಿ. ನೆಲದ ಥಂಡಿಗೆ ಅವಳ ಸೊಂಟ ಹಿಡಿದುಹೋಗಿತ್ತು. ಮೆಲ್ಲಗೆ ಅಡುಗೆಮನೆಗೆ ಹೋಗಿ ಬೋಗುಣಿ ತುಂಬ ಅರಿಶಿನ ಕಲಸಿ ತಂದಳು.

ಮೇಡಂ ಒಳಗೆ ಬಂದದ್ದೇ ತಡ, ಅಜ್ಜಿ ಎದುರು ಹೋದಳು. "ಯಜಮಾನ್ರು ನಮಗ ಹೊಸ ಹಾಸಿಗಿ ಕೊಟ್ಟಾರ್ರಿ. ಅರಿಶಿನ ಹಚ್ಚದ ಹ್ಯಾಂಗ ಮಲಗೋದು? ನಿಮ್ಮ ಕೈಲೇ ಶುರು ಆಗ್ಲಿ."

ಮೇಡಂ ಖುಷಿಯಿಂದ ಬೋಗುಣಿಯಲ್ಲಿ ಕೈ ಅದ್ದಿ ಮೊದಲ ಹಾಸಿಗೆಯ ಮೇಲೆ ಒತ್ತಿದರು. ಆಮೇಲೆ ಕೇಳಬೇಕೆ? ಮುದುಕ ಮುದುಕಿಯರೆಲ್ಲ ಅಂಗೈ ಅದ್ದಿ ಅದ್ದಿ ಪಟಪಟ ಬಡಿದರು.

"ಬ್ಯಾಡ್ರೋ, ಬ್ಯಾಡ್ರೋ!" ಎಂದು ಈರಬಸಪ್ಪ ಕೂಗಿದ. ಮೇಡಂ ತಿರುಗಿ ನೋಡಿದರು. "ಒಂದ್ ಮೂಲಿನೂ ಬಿಡಬ್ಯಾಡ್ರೋ!" ಎಂದು ಹಲ್ಲು ಕಿರಿದ.

ಮೇಡಂ ಅವರ ಜೀಪು ಅತ್ತ ಹೋಯಿತು, ಶಾಮಿಯಾನಾದವನು ಇತ್ತ ಬಂದ. ನೋಡಿ ಹೌಹಾರಿದ. "ಇವನ್ನ ಇನ್ನ ಯಾರ ಮದುವಿಗೆ ಕೊಡ್ಲಿ? ಪೂರಾ ರೊಕ್ಕ ಕೊಟ್ಟು ನೀವ ಇಟ್ಕೊರಿ!" ಎಂದು ಬರಿಗಾಡಿ ಹೊಡೆದುಕೊಂಡು ಹೋದ.

ಈರಬಸಪ್ಪ ತಲೆ ಹಿಡಿದುಕೊಂಡು ಹತ್ತಿರದ ಹಾಸಿಗೆಯ ಮೇಲೆ ಕುಸಿದ.

"ಏಳ್ರಿ ಯಜಮಾನ್ರ, ಅದಿನ್ನೂ ಹಸಿ ಐತಿ!" ಎಂದಳು ಅಜ್ಜಿ.

ಅವನು ಎದ್ದು ದುಡುದುಡು ಬಾಗಿಲಿಗೆ ನಡೆದ. ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಎರಡು ಹಳದಿ ಅಂಗೈ ಎದ್ದು ಕಾಣುತ್ತಿದ್ದವು. ಮುದುಕರೆಲ್ಲ ಮೆತ್ತನೆಯ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕರು.