ಆಕಾಶದಲ್ಲಿ ಕೊಸರಿಲ್ಲ

ಸಿಂಹರಾಜನ ಕಾಡಿನಲ್ಲಿ ಅಂಗಡಿಯಿಂದ ಒಂದು ಸೇರು ಕಡಲೆಕಾಯಿ ಕೊಂಡರೆ ಮೇಲೊಂದು ಹಿಡಿಯಷ್ಟರ ಬೆಲೆಯನ್ನು ಸುಂಕವೆಂದು ತೆರಬೇಕಿತ್ತು. ಅಳಿಲಮ್ಮನಿಗೆ ಅದೇ ಹೊಟ್ಟೆಯುರಿ. ಮಳೆಗಾಲ ಹತ್ತಿರ ಬಂದಿತ್ತು, ಗೂಡಿನ ತುಂಬ ಮರಿಗಳಿದ್ದವು. ಹೆಗ್ಗಣಪ್ಪನ ಅಂಗಡಿಯಲ್ಲಿ ಒಂದು ಕಾಯಿ ಸುಲಿದು ತಿಂದು, "ರುಚಿಯಾಗಿದೆ. ಆದರೆ ಗಿಡುಗರಾಯ ಇದನ್ನೇ ಸುಂಕವಿಲ್ಲದೆ ಗೂಡಿಗೇ ತಂದು ಹಾಕುತ್ತಾನಂತೆ," ಎಂದಳು.

"ಧಾರಾಳವಾಗಿ ತರಿಸಿಕೊಳ್ಳಿ ತಾಯಿ," ಎಂದ ಹೆಗ್ಗಣಪ್ಪ.

ಅಳಿಲಮ್ಮ ಹಾಗೇ ಮಾಡಿದಳು. ಮರುದಿನ ಬೆಳಿಗ್ಗೆ ಕಡಲೆಕಾಯಿಯ ಗಂಟು ಮೇಲಿನಿಂದ ಗೂಡಿಗೆ ದೊಪ್ಪನೆ ಬಿತ್ತು. ಅಳಿಲಮ್ಮ ರೂಢಿಯಂತೆ ಬಾಲವನ್ನು ಸೆರಗಿನ ಹಾಗೆ ಒಡ್ಡಿ, "ಎಲ್ಲಿ, ಅಳತೆಯ ಮೇಲಿನ ಕೊಸರು ಹಾಕು," ಎಂದಳು. ಗಿಡುಗರಾಯ ಆಗಲೇ ಮೋಡ ದಾಟಿದ್ದ. ಗಂಟು ಬಿಚ್ಚಿದರೆ ಅರ್ಧಕ್ಕರ್ಧ ಜೊಳ್ಳು. ಬೈಯೋಣವೆಂದು ತಲೆಯೆತ್ತಿದಳು, ಬೈಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಗಂಟು ಹೊತ್ತು ನೇರ ಅಂಗಡಿಗೆ ಬಂದವಳೇ ಹೆಗ್ಗಣಪ್ಪನನ್ನು ಮನಸಾರೆ ಬೈದಳು. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು, "ಮಾಲು ನನ್ನದಲ್ಲವಲ್ಲ ತಾಯಿ," ಎಂದ.

"ಗೊತ್ತು. ಹಾಗಂತ ನಾನು ಯಾರನ್ನು ಬೈಯಲಿ? ಒಂದು ಸೇರು ಅಳೆಯಿರಿ."

ಹೆಗ್ಗಣಪ್ಪ ಸೇರು ಅಳೆದು, ಸುಂಕದ ಬೆಲೆ ಕೂಡಿಸಿ ಹೇಳಿದ. ಅಳಿಲಮ್ಮ ಮುಖ ಸಿಂಡರಿಸಿದಳು. ಅವನು ಅವಳ ಬಾಲದ ಮೇಲೆ ಒಂದು ತುಂಬು ಹಿಡಿ ಕೊಸರು ಸುರಿದ. ಆಮೇಲೆ ಅದರಿಂದ ಒಂದು ಕಾಯಿಯನ್ನು ವಾಪಸ್ ಎತ್ತಿಕೊಂಡ.

"ಅದೇಕೆ ತೆಗೆದಿರಿ?"

"ನಿನ್ನೆ ರುಚಿ ನೋಡಿದ್ದು, ತಾಯಿ."