ಮುಸುವನ ಹೊಟ್ಟೆಯ ಒಕ್ಕಲು

ಬಸ್ಸುಗಳು ನಿಂತು ಹೋಗುವ ಒಂದು ಕಾಡುದಾರಿ. ಆ ದಾರಿಯ ಪಕ್ಕದ ಆಲದ ಮರದಲ್ಲಿ ನೀಳಬಾಲ ಎಂಬ ಮುಸುವ ತನ್ನ ಹೆಂಡತಿ ಚಿಗುರಿಯ ಜೊತೆ ಇದ್ದ. ಮುಸುವ ಗೊತ್ತಲ್ಲ ಮಕ್ಕಳೇ? ಕಪ್ಪು ಮುಖ, ಬೂದು ಮೈಯ ಕೋತಿ. ಅದು ಮರದಿಂದ ಮರಕ್ಕೆ ಹಾರಿದರೆ ಕೆಳಗೆ ನಿಂತ ನಮ್ಮ ಎದೆ ಧಸಕ್ಕೆನ್ನುತ್ತದೆ.

ಅವನ ಹೊಟ್ಟೆಯೊಳಗೆ ಇನ್ನೊಂದು ಊರೇ ಇತ್ತು. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಊರು. ಬ್ಯಾಕ್ಟೀರಿಯಾ ಎಂದು ನಾವು ಕರೆಯುವುದು ಅವರನ್ನೇ. ಊರಿಗೆಲ್ಲ ಹಿರಿಯಳು ಹುಳಿಯಜ್ಜಿ. ನೀಳಬಾಲ ತಿಂದ ಎಲೆಯನ್ನು ಅವರು ಇಡ್ಲಿ ಹಿಟ್ಟಿನ ಹಾಗೆ ಹುಳಿ ಬರಿಸಿ, ಮೆತ್ತಗೆ ಮಾಡಿ ಅವನಿಗೆ ಉಣಿಸುತ್ತಿದ್ದರು. ಎಲೆಯಲ್ಲಿರುವ ಕಹಿ, ಒಗರುಗಳಿಂದ ಮದ್ದು ಮಾಡಿ ಅವನ ಯಕೃತ್ತಿಗೆ ಕಳಿಸುತ್ತಿದ್ದರು. ಆ ಮದ್ದು ಹೋಗುತ್ತಿದ್ದಷ್ಟು ಕಾಲ ಯಕೃತ್ತಿನಲ್ಲಿ ಕೊಬ್ಬು ಕೂರಲಿಲ್ಲ.

ನೀಳಬಾಲ ಕೆಟ್ಟವನೇನಲ್ಲ. ಆದರೆ ಮಹಾ ಜಿಪುಣ. ಒಂದು ದಿನ ಅವನಿಗೆ ಹೊಟ್ಟೆಯೊಳಗಿಂದ ಗುಜುಗುಜು ಕೇಳಿಸಿತು.

"ಯಾರದು ಒಳಗೆ?" ಎಂದ.

"ನಾವೇ ಕಣಪ್ಪ. ಊಟಕ್ಕೆ ಕೂತಿದ್ದೀವಿ," ಎಂದಳು ಹುಳಿಯಜ್ಜಿ.

"ಊಟವೇ? ಯಾರ ಊಟ?"

"ನೀನು ತಂದ ಸೊಪ್ಪು. ಮೊದಲು ನಾವು ತಿಂತೀವಿ, ಆಮೇಲೆ ನಿನಗೆ ಬಡಿಸ್ತೀವಿ."

ನೀಳಬಾಲನಿಗೆ ಮೈಯೆಲ್ಲ ಉರಿದುಹೋಯಿತು. "ಮರ ಹತ್ತಿ ಇಳಿದು ಕಷ್ಟಪಡೋನು ನಾನು. ನೀವು ಕೂತಲ್ಲೇ ಕೂತು ನನ್ನ ತುತ್ತಿಗೆ ಬಾಯಿ ಹಾಕ್ತೀರಾ? ಇರಿ, ನಿಮಗೆ ಮಾಡ್ತೀನಿ!"

ಸೊಪ್ಪು ಬಂದರೆ ತಾನೇ ಇವರು ತಿನ್ನುವುದು ಎಂದುಕೊಂಡು ಅವತ್ತಿನಿಂದ ಅವನು ಎಲೆ ಮುಟ್ಟಲಿಲ್ಲ. ದಾರಿಗಿಳಿದು ಬಸ್ಸಿನವರ ಮುಂದೆ ಕೈ ಚಾಚಿದ. ಕ್ರೀಮ್ ಬನ್ನು, ಮೈಸೂರು ಪಾಕು, ಬಾಟಲಿಯ ತಳದಲ್ಲಿ ಉಳಿದ ಬಣ್ಣದ ಶರಬತ್ತು, ಎಲ್ಲ ಸಿಕ್ಕಿತು.

"ನಮಗೆ ಇದು ಒಗ್ಗೋದಿಲ್ಲಪ್ಪ. ಒಂದು ಹಿಡಿ ಸೊಪ್ಪು ಕಳಿಸು. ಮಕ್ಕಳು ಸಾಯ್ತಿದ್ದಾವೆ," ಎಂದು ಅಜ್ಜಿ ಬೇಡಿದಳು.

"ಸಾಯಲಿ. ಆಗ ತಿಂದದ್ದೆಲ್ಲ ನನಗೇ!" ಎಂದು ಅವನು ಇನ್ನೊಂದು ಬನ್ನು ಬಾಯಿಗಿಟ್ಟ.

ಮಕ್ಕಳೇ, ಆ ಮಾತನ್ನು ಅವನು ಆಡಬಾರದಿತ್ತು. ಬರೆಯುವಾಗ ನನಗೂ ಸಂಕಟವಾಗುತ್ತದೆ.

ಮದ್ದು ನಿಂತಿತು. ಸಿಹಿಯೆಲ್ಲ ಕೊಬ್ಬಾಗಿ ಯಕೃತ್ತಿನಲ್ಲಿ ಪದರ ಪದರವಾಗಿ ಕೂತಿತು. ಹೊಟ್ಟೆ ಉಬ್ಬಿತು. ಅದನ್ನು ಸವರಿಕೊಂಡು, "ನೋಡೇ ಚಿಗುರಿ, ಹೇಗೆ ಮೈ ತುಂಬಿಕೊಂಡಿದ್ದೀನಿ!" ಎಂದು ಬೀಗಿದ.

ಚಿಗುರಿ ಅವನ ಕಣ್ಣನ್ನೇ ನೋಡುತ್ತಿದ್ದಳು. "ಮೈ ತುಂಬಿದ್ದಲ್ಲ ರೀ ಇದು. ಕಣ್ಣು ಯಾಕೆ ಹಳದಿಯಾಗಿದೆ? ನಿನ್ನೆ ಪಕ್ಕದ ಕೊಂಬೆಗೆ ಹಾರೋದಕ್ಕೇ ಏದುಸಿರು ಬಿಟ್ಟಿರಲ್ಲ? ನನ್ನಾಣೆ, ಸ್ವಲ್ಪ ಸೊಪ್ಪು ತಿನ್ನಿ."

"ವಯಸ್ಸಾಯ್ತು, ಅಷ್ಟೇ," ಎಂದು ಅವನು ಮಾತು ಮರೆಸಿದ.

ಕೆಲವು ದಿನ ಕಳೆಯುವುದರೊಳಗೆ ಅವನಿಗೆ ಬಸ್ಸಿನ ತನಕ ನಡೆಯುವ ಶಕ್ತಿಯೂ ಉಳಿಯಲಿಲ್ಲ. ಮರದ ಬುಡದಲ್ಲೇ ಕೂತಿರುತ್ತಿದ್ದ. ಬನ್ನು ಕಂಡರೆ ವಾಕರಿಕೆ. ಆಗ ಅವನಿಗೆ ಹೆದರಿಕೆಯಾಯಿತು.

"ನಾನು ಬದುಕಬೇಕು ಕಣೇ," ಎಂದು ಅತ್ತುಬಿಟ್ಟ.

ಚಿಗುರಿ ಓಡಿಹೋಗಿ ಎಳೆಯ ಎಲೆ, ಕಹಿ ಎಲೆ, ಒಗರು ಎಲೆ ಎಲ್ಲ ಕಿತ್ತು ತಂದಳು. ತಾನೇ ಅಗಿದು ಅವನ ಬಾಯಿಗಿಟ್ಟಳು. ಅವನು ಒಂದನ್ನೂ ಬಿಡದೆ ನುಂಗಿದ.

"ಅಜ್ಜೀ, ಸೊಪ್ಪು ಬಂತು. ಮೊದಲು ನೀವು ತಿನ್ನಿ. ಎಲ್ಲರೂ ಹೊಟ್ಟೆ ತುಂಬ ತಿನ್ನಿ," ಎಂದ.

ತುಂಬ ಹೊತ್ತಾದ ಮೇಲೆ ಒಂದು ಸಣ್ಣ ದನಿ ಕೇಳಿಸಿತು. "ಬಂತೇನಪ್ಪ? ಈಗ ನಾನೊಬ್ಬಳೇ ಇರೋದು."

"ಮಿಕ್ಕವರು?"

"ಹೋದರು. ಇಷ್ಟೊಂದು ಸೊಪ್ಪು ನನ್ನೊಬ್ಬಳ ಕೈಲಿ ಆಗೋದಿಲ್ಲ ಮಗಾ. ಆದಷ್ಟು ಮಾಡ್ತೀನಿ."

ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಮುದುಕಿ ಒಂದು ಎಲೆಯ ಅಂಚು ಹಿಡಿದು ಕೆಲಸಕ್ಕೆ ಕೂತಳು. ಆದರೆ ಅವಳಿಗೂ ಎಷ್ಟೋ ದಿನದ ಉಪವಾಸ. ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಯಾವ ಸದ್ದೂ ಇರಲಿಲ್ಲ.

ತಿಂದ ಎಲೆ ತಿಂದ ಹಾಗೇ ಬಿದ್ದಿತ್ತು. ಅರಗಿಸುವವರಿಲ್ಲ, ಮದ್ದು ಮಾಡುವವರಿಲ್ಲ.

"ಚಿಗುರಿ, ಹಸಿವು ಕಣೇ," ಎಂದ ನೀಳಬಾಲ.

ಅವಳು ಇನ್ನೊಂದು ಎಲೆ ಅಗಿದು ಕೊಟ್ಟಳು. ಬೇರೇನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಪಾಪ. ಅವನು ಅದನ್ನೂ ನುಂಗಿದ. ಹೊಟ್ಟೆಯ ತುಂಬ ಸೊಪ್ಪು ಇಟ್ಟುಕೊಂಡು, ಹೆಂಡತಿಯ ಮಡಿಲಲ್ಲಿ, ಅವನು ಹಸಿವಿನಿಂದ ಸತ್ತ.

ನೀತಿ: ನಮ್ಮೊಳಗಿದ್ದು ನಮಗಾಗಿ ದುಡಿಯುವವರ ತುತ್ತನ್ನು ಕಸಿದರೆ, ಕೊನೆಗೆ ಹಸಿದು ಸಾಯುವವರು ನಾವೇ.