ಗಂಟೆಗಲ್ಲಿನ ಮೇಲೊಂದು ಹೆಸರು

ಹೊಳೆದಂಡೆಯ ಆಶ್ರಮದಲ್ಲಿ ಕೆಂಚಪ್ಪನೆಂಬ ಶಿಷ್ಯನಿದ್ದ. ಬಂದವರಿಗೆ ಆ ಸೀಮೆಯ ಚೆಲುವನ್ನೆಲ್ಲ ತೋರಿಸುವುದೇ ಅವನ ಸೇವೆ.

ಚೆಲುವೇನು ಕಡಿಮೆಯೇ? ಬಂಡೆಯಿಂದ ಹಾಲು ಚೆಲ್ಲಿದಂತೆ ಬೀಳುವ ಜಲಪಾತ. ಗವಿಯ ಗೋಡೆಯಲ್ಲಿ ಹಿಂದಿನವರು ಕೆಮ್ಮಣ್ಣಿನಿಂದ ಬರೆದ ಗೂಳಿಗಳು, ಈಗಲೂ ಹಾಯಲು ಬರುವಂಥವು. ಎಲ್ಲಕ್ಕೂ ಮೇಲೆ, ಗುಡ್ಡದ ತುದಿಯ ಗಂಟೆಗಲ್ಲು. ಆ ಕಪ್ಪು ಬಂಡೆಗೆ ಹರಳುಗಲ್ಲೊಂದನ್ನು ತಾಗಿಸಿದರೆ ಸಾಕು, ಕಂಚಿನ ನಾದ ಹೊರಟು ಮೈ ಜುಮ್ಮೆನ್ನುತ್ತಿತ್ತು.

ಹತ್ತಿದವರು ಒಂದೇ ಏಟು ಬಾರಿಸಿ, ಹರಳನ್ನು ಅಲ್ಲೇ ಇಟ್ಟು ಇಳಿಯಬೇಕು. ಅದು ಪದ್ಧತಿ.

ಬರುವ ಹುಣ್ಣಿಮೆಗೆ ಕೆಂಚಪ್ಪನಿಗೆ ದೀಕ್ಷೆ ಕೊಟ್ಟು ಸ್ವಾಮಿಯ ಹೆಸರಿಡುತ್ತೇನೆಂದು ಗುರುಗಳಾದ ಅಜ್ಜಾರು ಮಾತು ಕೊಟ್ಟಿದ್ದರು. ಅಷ್ಟರಲ್ಲಿ, ಗುಡ್ಡದ ಬುಡದಲ್ಲಿ ಮಜ್ಜಿಗೆ ಮಾರುವ ಹಂಪಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

"ಅಜ್ಜಾರೆ, ನಿಮ್ಮ ಶಿಷ್ಯನ ಪ್ರತಾಪ ಕೇಳಿದ್ರೇನು? ಗಂಟೆಗಲ್ಲಿನ ಮ್ಯಾಲೆ ಉಳಿ ಹಿಡಿದು ಹೆಸರು ಕೆತ್ಯಾನ!"

"ಯಾರ ಹೆಸರವ್ವಾ?"

"ತನ್ನದೇ ರೀ! ಅದೂ ಹೆಂಗ? ಶ್ರೀ ಕೆಂಚಾನಂದ ಸ್ವಾಮಿಗಳು ಅಂತ! ಕಾವಿ ಬಟ್ಟೆ ಇನ್ನೂ ಅಂಗಡ್ಯಾಗ ಐತಿ, ಇವ ಆಗ್ಲೇ ಸ್ವಾಮಿ ಆಗ್ಯಾನ!"

"ಸ್ವಾಮಿ ಸಾಲದಂತ 'ಗಳು' ಬ್ಯಾರೆ ಹಚ್ಚ್ಯಾನೇನು?" ಅಜ್ಜಾರು ಹೊಟ್ಟೆ ಹಿಡಿದು ನಕ್ಕರು.

ಆ ನಗುವಿಗಿಂತ ಬೈಗುಳವೇ ವಾಸಿಯೆನಿಸಿತು ಅಲ್ಲೇ ನಿಂತಿದ್ದ ಕೆಂಚಪ್ಪನಿಗೆ. ಅವನ ಬಟ್ಟೆಗಂಟು ಆಶ್ರಮದ ಹೊರಗೆ ಬೀಳುವುದನ್ನು ನೋಡಲು ಊರೇ ಬಾಗಿಲಿಗೆ ಬಂದು ನಿಂತಿತ್ತು.

"ಹೊರಡ್ಲೇನ್ರಿ ಅಜ್ಜಾ?"

"ಹೊರಡು. ಗುಡ್ಡಕ್ಕ. ನಾನೂ ಬರ್ತೀನಿ."

ಮೇಲೆ, ಬಂಡೆಯ ತುಂಬ ಅಂಗೈಯಂತೆ ನುಣುಪಾದ ಗುಳಿಗಳು. ಅಜ್ಜಾರು ಒಂದನ್ನು ಸವರಿದರು.

"ಇದನ್ನ ಯಾರು ತೋಡಿದ್ರು?"

"ಯಾರೂ ತೋಡಿಲ್ರಿ. ಬಂದೋರು ಒಂದೊಂದೇ ಏಟು ಬಾರಿಸಿ ಸವೆದೈತಿ."

"ಬಾರಿಸು."

ನಾದ ಎದ್ದಿತು. ಕಣಿವೆಯ ಗಿಳಿಗಳು ಹಾರಿದವು. ಎಷ್ಟೋ ಜನಕ್ಕೆ ಅದನ್ನು ತೋರಿಸಿದ್ದ ಕೆಂಚಪ್ಪ, ಅವತ್ತು ಮೊದಲ ಸಲ ಕೇಳಿದವನಂತೆ ಕಣ್ಣು ಮುಚ್ಚಿದ.

"ಬಾರಿಸಿದವರ ಹೆಸರೇನು?"

"ಗೊತ್ತಿಲ್ರಿ."

ಅಜ್ಜಾರು ಹರಳನ್ನು ಎತ್ತಿ, ಹೊಸದಾಗಿ ಕೆತ್ತಿದ ಅಕ್ಷರಗಳ ಮೇಲಿಟ್ಟರು.

"ಇನ್ನ ಮ್ಯಾಲೆ ಬಂದೋರಿಗೆಲ್ಲ ಇಲ್ಲೇ ಬಾರಿಸಾಕ ಹೇಳು. ಹರಳು ನಿನ್ನ ಕೈಯಾರೆ ಕೊಡು."

ಕೆಂಚಪ್ಪ ಹರಳನ್ನು ಕೈಗೆತ್ತಿಕೊಂಡ. "ಹಂಗಾದ್ರ... ನನ್ನ ದೀಕ್ಷೆ?"

"ಈ ಹೆಸರು ಸವೆದು ಗುಳಿ ಬೀಳಲಿ ತಮ್ಮಾ. ಆಗಲೂ ಹೆಸರು ಬೇಕನ್ನಿಸಿದ್ರ, ಬಾ."